ಗ್ಯಾಂಬಿಟ್ ಕಲಿಯೋಕೆ ಎಷ್ಟು ಲೈನ್ ಬಾಯಿಪಾಠ ಮಾಡ್ಬೇಕು ಸಾರ್?

ಕುವೆಂಪುನಗರದ ನಮ್ಮ ಮನೆ ತಾರಸಿಗೆ ಸಂಜೆ ಚೆಸ್ ಆಡಲು ಬರುವ ಹುಡುಗರಲ್ಲಿ ವಾರಕ್ಕೊಬ್ಬನಾದರೂ ಈ ಪ್ರಶ್ನೆ ಎತ್ತುತ್ತಾನೆ. ಅವರನ್ನು ಸ್ಕೂಟರಿನಲ್ಲಿ ಬಿಟ್ಟುಹೋಗುವ ಅಪ್ಪಂದಿರೂ ಕೇಳುತ್ತಾರೆ, ಟ್ಯೂಷನ್ ಸಿಲಬಸ್ ವಿಚಾರಿಸುವ ಧಾಟಿಯಲ್ಲಿ. ಗ್ಯಾಂಬಿಟ್ ಅಂದರೆ ಆಟದ ಶುರುವಿನಲ್ಲೇ ಸಿಪಾಯಿ ಬಲಿಕೊಟ್ಟು ಮೇಲುಗೈ ಹುಡುಕುವ ಪಟ್ಟು. ನಾನು ಇವಾನ್ಸ್ ಗ್ಯಾಂಬಿಟ್ ಆಡುವವನು ಅಂತ ಎಲ್ಲರಿಗೂ ಗೊತ್ತು. ಅದರ ಕವಲುಗಳನ್ನು, ಹುಡುಗರ ಮಾತಲ್ಲಿ ಲೈನ್‌ಗಳನ್ನು, ಎಲ್ಲಿಂದ ಹಿಡಿಯಬೇಕು, ಎಷ್ಟು ಉರು ಹೊಡೆಯಬೇಕು?

ನಿಮಗೆ ಬೇಜಾರು ತರಿಸುವ ಕವಲಿನಿಂದ ಶುರು ಮಾಡಿ ಅನ್ನುತ್ತೇನೆ. ಎದುರಾಳಿ ನಿಮ್ಮ ಸಿಪಾಯಿಯನ್ನು ವಾಪಸ್ ಕೊಟ್ಟುಬಿಡುವ ಕವಲಿನಿಂದ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬಿಳಿಯವನ ಎಡದಿಂದ ಬಲಕ್ಕೆ ಸಾಲುಗಳು ಎ ಇಂದ ಎಚ್, ಅವನ ಕಡೆಯಿಂದ ಎದುರಾಳಿಯ ಕಡೆಗೆ ಮನೆಗಳು 1ರಿಂದ 8; ಸಿ4 ಅಂದರೆ ಸಿ ಸಾಲಿನ ನಾಲ್ಕನೇ ಮನೆ. ಎರಡೂ ಕಡೆ ರಾಜನ ಮುಂದಿನ ಸಿಪಾಯಿ ಎರಡು ಮನೆ ಬರುತ್ತದೆ, ಕುದುರೆ ಹೊರಬೀಳುತ್ತವೆ, ಒಂಟೆಗಳು ಸಿ4, ಸಿ5ರಲ್ಲಿ ಕೂರುತ್ತವೆ. ನಾಲ್ಕನೇ ನಡೆಗೆ ಬಿಳಿಯವನು ಬಿ4ಕ್ಕೆ ಸಿಪಾಯಿ ತಳ್ಳಿ 'ತಿನ್ನು' ಅನ್ನುತ್ತಾನೆ. ತಿಂದ ಒಂಟೆಯನ್ನು ಸಿ3 ತಳ್ಳಿ ಓಡಿಸುವುದು, ಅದು ಓಡುವಷ್ಟರಲ್ಲಿ ಡಿ4 ತಳ್ಳಿ ನಡುಮನೆ ಹಿಡಿಯುವುದು, ಇದೇ ಲೆಕ್ಕ. ಇದನ್ನು 1820ರ ದಶಕದಲ್ಲಿ ಕಂಡುಕೊಂಡವರು ವಿಲಿಯಂ ಡೇವಿಸ್ ಇವಾನ್ಸ್, ವೇಲ್ಸ್‌ನ ಹಡಗಿನ ಕ್ಯಾಪ್ಟನ್. ಅವರ ಸಮಕಾಲೀನರಾದ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಸುತ್ತಿಸುವ ಒಗಟುಗಳನ್ನು ಕಟ್ಟಿದವರು. ಹಡಗಿನವರಿಗೆ ಅವಸರ, ದೊರೆಗೆ ಪುರುಸೊತ್ತು!

ನಾನೂ ಮೊದಲು ಕಲಿತದ್ದು ರಾಜನ ತಲೆ ಹಾರಿಸುವ ಕವಲುಗಳನ್ನೇ. 1852ರಲ್ಲಿ ಬರ್ಲಿನ್‌ನಲ್ಲಿ ಜರ್ಮನಿಯ ಆಟಗಾರ ಆಂಡರ್‌ಸೆನ್ ಇದೇ ಗ್ಯಾಂಬಿಟ್ ಆಡಿ, ಮಂತ್ರಿಯನ್ನೇ ಬಲಿಕೊಟ್ಟು ಮೇಟ್ ಮಾಡಿದ ಆಟ ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಅದೇ ಹುಮ್ಮಸ್ಸಿನಲ್ಲಿ ಮಂಡ್ಯದ ಒಂದು ಭಾನುವಾರದ ಟೂರ್ನಿಗೆ ಹೋದೆ. ಎದುರಿಗೆ ಕೂತವರು ನಿವೃತ್ತ ಮೇಷ್ಟ್ರು, ಬೋರ್ಡಿನ ಪಕ್ಕ ನಶ್ಯದ ಡಬ್ಬಿ. ಬಿ4 ತಿಂದರು, ಒಂಟೆಯನ್ನು ಎ5ಕ್ಕೆ ಸರಿಸಿದರು. ನಾನು ಆರನೇ ನಡೆಗೆ ಕ್ಯಾಸಲಿಂಗ್ ಮಾಡಿದೆ, ಅಂದರೆ ಒಂದೇ ನಡೆಯಲ್ಲಿ ರಾಜನನ್ನು ಮೂಲೆಯತ್ತ ಸರಿಸಿ ಆನೆಯನ್ನು ಪಕ್ಕಕ್ಕೆ ತಂದೆ. ಅವರು ಡಿ6. ನಾನು ಡಿ4. ಆಗ ಮೇಷ್ಟ್ರು ಒಂಟೆಯನ್ನು ಬಿ6ಕ್ಕೆ ತೆಗೆದುಕೊಂಡು ಹೋಗಿ, ಒಂದು ಚಿಟಿಕೆ ಏರಿಸಿ, "ತಕೋ ಕಣಪ್ಪ, ನಿನ್ ಸಾಲ ತೀರ್ತು" ಅಂದರು.

ತಕೊಂಡೆ. ಇ5ರಲ್ಲಿ ಸಿಪಾಯಿಗೆ ಸಿಪಾಯಿ ಹೋಯಿತು, ಡಿ8ರಲ್ಲಿ ಮಂತ್ರಿಗೆ ಮಂತ್ರಿ ಹೋಯಿತು, ನನ್ನ ಕುದುರೆ ಇ5ರ ಸಿಪಾಯಿಯನ್ನು ಹೊಡೆಯಿತು. ಎಣಿಸಿದರೆ ಸರಿಸಮ. ಆದರೆ ಎ, ಸಿ ಸಾಲುಗಳಲ್ಲಿ ನನ್ನ ಸಿಪಾಯಿಗಳು ಅಕ್ಕಪಕ್ಕ ಯಾರೂ ಇಲ್ಲದ ಒಂಟಿಗಳು. ಮೇಷ್ಟ್ರು ಅವನ್ನು ಮೇಯುತ್ತಾ ಹೋದರು. ಊಟದ ಹೊತ್ತಿಗೆ ಸೋತಿದ್ದೆ. ಅದು 27 ವರ್ಷ ವಿಶ್ವ ಚಾಂಪಿಯನ್ ಆಗಿದ್ದ ಲಾಸ್ಕರ್ ಹೆಸರಿನ ರಕ್ಷಣೆ ಅಂತ ಗೊತ್ತಾದದ್ದು ಆಮೇಲೆ.

ಮದ್ದು ಇದ್ದದ್ದು ಆರನೇ ನಡೆಯಲ್ಲಿ. ಕ್ಯಾಸಲಿಂಗ್ ಆಮೇಲೆ ಮಾಡಿದರಾಯಿತು. ಮೊದಲು ಡಿ4, ಅವರು ಡಿ6 ಆಡಿದರೆ ಮಂತ್ರಿ ಬಿ3ಕ್ಕೆ. ಆಗ ರಾಜನೊಬ್ಬನೇ ಕಾಯುವ ಎಫ್7ರ ಮೇಲೆ ಮಂತ್ರಿ, ಒಂಟೆ ಎರಡರ ಕಣ್ಣು ಬಿದ್ದು, ಸಾಲ ತೀರಿಸಲು ಅವರಿಗೆ ಅಷ್ಟು ಸುಲಭಕ್ಕೆ ಬಿಡುವು ಸಿಗುವುದಿಲ್ಲ. ನಡೆಗಳು ಅವೇ, ಹಿಂದುಮುಂದು ಅಷ್ಟೇ. ಕವಲು ಉರು ಹೊಡೆದವನಿಗೆ ಇದು ಕಾಣುವುದಿಲ್ಲ, ಸೋತವನಿಗೆ ಕಾಣುತ್ತದೆ.

ಹುಡುಗರಿಗೆ ನಾನು ಎರಡನೆಯದಾಗಿ ತೋರಿಸುವುದು 1995ರಲ್ಲಿ ಲಾಟ್ವಿಯಾದ ರಿಗಾದಲ್ಲಿ ರಷ್ಯಾದ ಚಾಂಪಿಯನ್ ಕಾಸ್ಪರೋವ್ ನಮ್ಮ ಆನಂದ್ ಅವರನ್ನು 25 ನಡೆಗಳಲ್ಲಿ ಸೋಲಿಸಿದ ಆಟ. ಅದೂ ಇವಾನ್ಸ್. ಆನಂದ್ ಒಂಟೆಯನ್ನು ಇ7ಕ್ಕೆ ಹಿಂದೆಗೆದು, ಕುದುರೆಯನ್ನು ಎ5ಕ್ಕೆ ತಂದು ಬಿಳಿ ಒಂಟೆಯ ಬೆನ್ನು ಹತ್ತಿದರು. ಇ5ರ ಸಿಪಾಯಿ ಕೈಗೆಟುಕುವ ಹಾಗಿತ್ತು. ಹೊಡೆದಿದ್ದರೆ ಲೆಕ್ಕ ಸಮ, ಕಪ್ಪಿಗೆ ನಿರಾಳ. ಕಾಸ್ಪರೋವ್ ಅದನ್ನು ಮುಟ್ಟಲಿಲ್ಲ, ಒಂಟೆಯನ್ನು ಸುಮ್ಮನೆ ಇ2ಕ್ಕೆ ಎಳೆದುಕೊಂಡರು. ಇಷ್ಟು ಸಪ್ಪೆ ನಡೆಯನ್ನು ಇಂಥ ಜಗಳಗಂಟ ಓಪನಿಂಗ್‌ನಲ್ಲಿ ಯಾವ ಹುಡುಗನೂ ಊಹಿಸುವುದಿಲ್ಲ. ನಾನು ಬೋರ್ಡು ಅಲ್ಲಿಗೇ ನಿಲ್ಲಿಸಿ ಕಾಫಿ ತರಲು ಕೆಳಗೆ ಹೋಗುತ್ತೇನೆ.

ಇನ್ನು ಕಂಪ್ಯೂಟರ್ ಏನು ಹೇಳುತ್ತದೆ ಅನ್ನುವವರಿಗೆ: ಅದು ಸಮ ಅನ್ನುತ್ತದೆ, ಅನ್ನಲಿ.

ಮುಂದಿನ ವರ್ಷ ಅದೇ ಟೂರ್ನಿಯಲ್ಲಿ ಅದೇ ಮೇಷ್ಟ್ರು ಸಿಕ್ಕರು. ಬಿ3ರ ಮಂತ್ರಿಯನ್ನು ತಿಂಗಳುಗಟ್ಟಲೆ ಮಸೆದುಕೊಂಡು ಹೋಗಿದ್ದೆ. ನಾಲ್ಕನೇ ನಡೆ, ಬಿ4. ಮೇಷ್ಟ್ರು ಡಬ್ಬಿ ಮುಚ್ಚಳ ತೆಗೆದು, ಸಿಪಾಯಿಯನ್ನು ನೋಡಿ, ಒಂಟೆಯನ್ನು ನೆಟ್ಟಗೆ ಬಿ6ಕ್ಕೆ ಸರಿಸಿದರು.

"ಸಾಲವೇ ಬ್ಯಾಡ ಕಣಪ್ಪ."