ಇಳಿಜಾರು ಹತ್ತುವ ಬ್ಲಾಕ್, ಮೈನಸ್ ಡಿಗ್ರಿಗೆ ಇಳಿಯುವ ನೀರು: ಲೆಕ್ಕ ಕೆಡುವುದು ಎಲ್ಲಿ?

ಹೋಮ್‌ವರ್ಕ್ ಲೆಕ್ಕ ತಪ್ಪಾದರೆ ಬಹಳಷ್ಟು ವಿದ್ಯಾರ್ಥಿಗಳು ಮೊದಲು ಹುಡುಕುವುದು ಗುಣಾಕಾರ ಭಾಗಾಕಾರದ ತಪ್ಪನ್ನು. ಅಲ್ಲಿ ಏನೂ ಸಿಗದಿದ್ದರೆ ಇಡೀ ಲೆಕ್ಕವನ್ನು ಮೊದಲಿನಿಂದ, ಅದೇ ದಾರಿಯಲ್ಲಿ, ಇನ್ನೊಮ್ಮೆ ಮಾಡುತ್ತಾರೆ. ಬರುವುದೂ ಅದೇ ತಪ್ಪು ಉತ್ತರ. ಲೆಕ್ಕ ಕೆಟ್ಟಿರುವುದು ಸಾಮಾನ್ಯವಾಗಿ ಅದಕ್ಕೂ ಮುಂಚೆ, ಸಮೀಕರಣ ಬರೆದ ಮೊದಲ ಸಾಲಿನಲ್ಲೇ. ಬ್ಲಾಕ್ ಜಾರುತ್ತಿದೆ, ಐಸ್ ಪೂರ್ತಿ ಕರಗಿದೆ, ಛೇದ ಧನಾತ್ಮಕ: ಹೀಗೆ ಏನೋ ಒಂದನ್ನು ನಾವು ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡಿರುತ್ತೇವೆ. ಆ ಊಹೆ ಸುಳ್ಳಾದರೆ ಉತ್ತರ ಅಸಂಬದ್ಧವಾಗುತ್ತದೆ. ಅದು ಯಾವ ರೀತಿ ಅಸಂಬದ್ಧ ಎಂದು ನೋಡಿದರೆ ಯಾವ ಊಹೆ ಕೈಕೊಟ್ಟಿತು ಎಂಬುದೂ ತಿಳಿಯುತ್ತದೆ.

ಮೊದಲು ಘರ್ಷಣೆಯ ಲೆಕ್ಕ. 5 ಕೆಜಿ ದ್ರವ್ಯರಾಶಿಯ ಬ್ಲಾಕನ್ನು 30° ಇಳಿಜಾರಿನ ಮೇಲೆ ನಿಶ್ಚಲವಾಗಿ ಇಟ್ಟಿದ್ದಾರೆ. ಸ್ಥಿತ ಘರ್ಷಣಾ ಗುಣಾಂಕ (ಬ್ಲಾಕ್ ನಿಂತಿರುವಾಗಿನದು) 0.6, ಚಲನ ಘರ್ಷಣಾ ಗುಣಾಂಕ (ಜಾರುವಾಗಿನದು) 0.4. ಘರ್ಷಣಾ ಬಲ ಎಷ್ಟು?

ಹೆಚ್ಚಿನವರು ಬರೆಯುವುದು ಹೀಗೆ. ಲಂಬ ಪ್ರತಿಕ್ರಿಯಾ ಬಲ 5 × 9.8 × ಕಾಸ್ 30° = 42.4 ನ್ಯೂಟನ್. ಅದನ್ನು 0.6ರಿಂದ ಗುಣಿಸಿದರೆ ಘರ್ಷಣೆ 25.5 ನ್ಯೂಟನ್. ಸೂತ್ರವೂ ಸರಿ, ಗುಣಾಕಾರವೂ ಸರಿ. ಆದರೆ ಬ್ಲಾಕನ್ನು ಕೆಳಕ್ಕೆ ಎಳೆಯುವ ಗುರುತ್ವದ ಘಟಕ 5 × 9.8 × ಸೈನ್ 30° = 24.5 ನ್ಯೂಟನ್ ಮಾತ್ರ. ಹಾಗಾದರೆ ಮೇಲ್ಮುಖವಾಗಿ ಸುಮಾರು 1 ನ್ಯೂಟನ್ ಬಲ ಉಳಿಯಬೇಕು, ಯಾರೂ ತಳ್ಳದ ಬ್ಲಾಕ್ ತಾನಾಗಿಯೇ ಇಳಿಜಾರು ಹತ್ತಬೇಕು!

ಗುಣಾಂಕವನ್ನು ಲಂಬ ಬಲದಿಂದ ಗುಣಿಸಿದಾಗ ಸಿಗುವುದು ಸ್ಥಿತ ಘರ್ಷಣೆಯ ಮಿತಿ, ಅಂದರೆ ಅದು ಹೆಚ್ಚೆಂದರೆ ಎಷ್ಟಾಗಬಹುದು ಎಂಬುದು. ಬ್ಲಾಕನ್ನು ತಡೆಯಲು ಬೇಕಾದಷ್ಟನ್ನೇ ಮೇಲ್ಮೈ ಕೊಡುತ್ತದೆ, ಮಿತಿ ಮೀರುವವರೆಗೆ. ಇಲ್ಲಿ ಬೇಕಾಗಿರುವುದು 24.5, ಮಿತಿ 25.5. ಆದ್ದರಿಂದ ಬ್ಲಾಕ್ ನಿಂತಲ್ಲೇ ನಿಲ್ಲುತ್ತದೆ, ಉತ್ತರ 24.5 ನ್ಯೂಟನ್. 0.4 ಎಂಬ ಸಂಖ್ಯೆಗೆ ಇಲ್ಲಿ ಕೆಲಸವೇ ಇಲ್ಲ. ಪ್ರಶ್ನೆಯಲ್ಲಿ ಕೊಟ್ಟ ಎಲ್ಲ ಸಂಖ್ಯೆಗಳನ್ನೂ ಬಳಸಲೇಬೇಕು ಎಂಬ ನಂಬಿಕೆ ಪಠ್ಯಪುಸ್ತಕಗಳಿಂದ ಅಂಟಿಕೊಂಡ ಕೆಟ್ಟ ಅಭ್ಯಾಸ.

ಇದೇ ಬ್ಲಾಕಿಗೆ ಹಗ್ಗ ಕಟ್ಟಿ ಇಳಿಜಾರಿಗೆ ಸಮಾಂತರವಾಗಿ ಮೇಲಕ್ಕೆ ಎಳೆಯಿರಿ. ಘರ್ಷಣೆಯ ಸ್ವಭಾವ ಇನ್ನೂ ಚೆನ್ನಾಗಿ ಕಾಣುತ್ತದೆ. 20 ನ್ಯೂಟನ್‌ನಿಂದ ಎಳೆದರೆ ಘರ್ಷಣೆ 4.5 ನ್ಯೂಟನ್, ದಿಕ್ಕು ಮೇಲಕ್ಕೆ. 24.5ರಿಂದ ಎಳೆದರೆ ಸೊನ್ನೆ. 30 ನ್ಯೂಟನ್ ಆದರೆ 5.5, ಆದರೆ ದಿಕ್ಕು ಈಗ ಕೆಳಕ್ಕೆ. ಎಳೆತ ಸುಮಾರು 50 ನ್ಯೂಟನ್ ದಾಟುವವರೆಗೂ ಬ್ಲಾಕ್ ಕದಲುವುದಿಲ್ಲ. ಹಾಗಾಗಿ ಘರ್ಷಣೆಯ ಬಾಣದ ಗುರುತನ್ನು ಚಿತ್ರದಲ್ಲಿ ಮೊದಲೇ ಹಾಕಿಬಿಡುವುದು ಅಪಾಯ. ಘರ್ಷಣೆಯೇ ಇಲ್ಲದಿದ್ದರೆ ಬ್ಲಾಕ್ ಯಾವ ಕಡೆ ಹೋಗುತ್ತಿತ್ತು ಎಂದು ಕೇಳಿಕೊಂಡು, ಅದರ ಎದುರು ದಿಕ್ಕಿಗೆ ಬಾಣ ಹಾಕಬೇಕು.

ಪ್ರಶ್ನೆಯಲ್ಲಿ ಕೋನ 35° ಎಂದಿದ್ದರೆ ಕಥೆಯೇ ಬೇರೆ. ಕೆಳಕ್ಕೆ ಎಳೆಯುವ ಘಟಕವನ್ನು ಲಂಬ ಬಲದಿಂದ ಭಾಗಿಸಿದರೆ ಸಿಗುವುದು ಕೋನದ ಟ್ಯಾನ್. ಟ್ಯಾನ್ 35° = 0.70, ಇದು 0.6ಕ್ಕಿಂತ ಹೆಚ್ಚು, ಬ್ಲಾಕ್ ಜಾರುತ್ತದೆ. ಈಗ 0.4ರ ಸರದಿ: ವೇಗೋತ್ಕರ್ಷ 9.8 × (0.574 − 0.4 × 0.819) = ಸೆಕೆಂಡಿಗೆ ಸೆಕೆಂಡಿಗೆ ಸುಮಾರು 2.4 ಮೀಟರ್. ಜಾರುವುದೋ ಇಲ್ಲವೋ ಎಂದು ತೀರ್ಮಾನಿಸಲು ದ್ರವ್ಯರಾಶಿಯೂ ಬೇಡ, ಟ್ಯಾನ್ ಬೆಲೆಯನ್ನು ಸ್ಥಿತ ಗುಣಾಂಕದ ಜೊತೆ ಹೋಲಿಸಿದರೆ ಸಾಕು. ಆ ಒಂದು ಸಾಲನ್ನು ಉತ್ತರಪತ್ರಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಬರೆಯಿರಿ.

ಉಷ್ಣದ ಲೆಕ್ಕದಲ್ಲೂ ಇದೇ ಬಲೆ ಇದೆ. 30° ಸೆಲ್ಸಿಯಸ್‌ನ 200 ಗ್ರಾಂ ನೀರಿಗೆ 0° ಯ 50 ಗ್ರಾಂ ಐಸ್ ಹಾಕಿದರೆ ಕೊನೆಯ ತಾಪ ಎಷ್ಟು? ಪಾತ್ರೆಯ ಉಷ್ಣವನ್ನು ಬಿಟ್ಟುಬಿಡಿ. ನೀರಿನ ವಿಶಿಷ್ಟೋಷ್ಣ ಗ್ರಾಂಗೆ, ಡಿಗ್ರಿಗೆ 4.18 ಜೂಲ್. ಐಸ್ ಕರಗುವ ಗುಪ್ತೋಷ್ಣ ಗ್ರಾಂಗೆ 334 ಜೂಲ್. ನೀರು 0° ವರೆಗೆ ತಣಿದರೆ ಬಿಟ್ಟುಕೊಡುವ ಉಷ್ಣ 200 × 4.18 × 30 = 25,080 ಜೂಲ್. ಐಸ್ ಕರಗಲು ಬೇಕಾದದ್ದು 50 × 334 = 16,700 ಜೂಲ್. ಉಳಿದ 8,380 ಜೂಲ್ ಒಟ್ಟು 250 ಗ್ರಾಂ ನೀರನ್ನು ಬೆಚ್ಚಗಾಗಿಸುತ್ತದೆ: 8,380 ÷ (250 × 4.18), ಅಂದರೆ ಸುಮಾರು 8°.

ಈಗ ಐಸನ್ನು 100 ಗ್ರಾಂ ಮಾಡಿ, ಅದೇ ಸಮೀಕರಣವನ್ನು ಕಣ್ಣುಮುಚ್ಚಿ ಬಳಸಿ. (25,080 − 33,400) ÷ (300 × 4.18) = −6.6°. ಬೆಚ್ಚಗಿನ ನೀರಿಗೆ ಸೊನ್ನೆ ಡಿಗ್ರಿಯ ಐಸ್ ಹಾಕಿದರೆ ಎರಡಕ್ಕಿಂತಲೂ ತಣ್ಣಗಿನ ಮಿಶ್ರಣ ಬರಲು ಸಾಧ್ಯವೇ ಇಲ್ಲ. ಐಸ್ ಪೂರ್ತಿ ಕರಗುತ್ತದೆ ಎಂದುಕೊಂಡದ್ದು ಸುಳ್ಳು ಎಂದು ಆ ಮೈನಸ್ ಚಿಹ್ನೆ ಹೇಳುತ್ತಿದೆ. ಇರುವ 25,080 ಜೂಲ್‌ನಲ್ಲಿ ಕರಗುವುದು 25,080 ÷ 334 = 75 ಗ್ರಾಂ. ಮಿಕ್ಕ 25 ಗ್ರಾಂ ಐಸ್ ಹಾಗೇ ತೇಲುತ್ತಿರುತ್ತದೆ, ತಾಪ 0°. ಉತ್ತರಪತ್ರಿಕೆಯಲ್ಲಿ −6.6 ಅನ್ನು ಹೊಡೆದುಹಾಕಿ +6.6 ಎಂದು ತಿದ್ದುವವರಿದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ, ಚಿಹ್ನೆ ಕೊಟ್ಟ ಸುಳಿವನ್ನೇ ಅಳಿಸಿದ ಹಾಗಾಗುತ್ತದೆ.

ಗಣಿತದ ಕಡೆ ಬಂದರೆ ಊಹೆ ಇನ್ನೂ ಸದ್ದಿಲ್ಲದೆ ನುಸುಳುತ್ತದೆ. √(ಎಕ್ಸ್ + 7) = ಎಕ್ಸ್ − 5 ಎಂಬ ಸಮೀಕರಣ ನೋಡಿ. ಎರಡೂ ಬದಿ ವರ್ಗ ಮಾಡಿದರೆ ಎಕ್ಸ್² − 11ಎಕ್ಸ್ + 18 = 0, ಮೂಲಗಳು 9 ಮತ್ತು 2. ಮೊದಲಿನ ಸಮೀಕರಣದಲ್ಲಿ ಹಾಕಿ ನೋಡಿದರೆ 9ಕ್ಕೆ 4 = 4, ಸರಿ. 2ಕ್ಕೆ 3 = −3, ತಪ್ಪು. ವರ್ಗ ಮಾಡಿದಾಗ 3 ಮತ್ತು −3ರ ನಡುವಿನ ವ್ಯತ್ಯಾಸ ಅಳಿಸಿಹೋಯಿತು. ಹಾಗಾಗಿ −√(ಎಕ್ಸ್ + 7) = ಎಕ್ಸ್ − 5 ಎಂಬ ಇನ್ನೊಂದು ಸಮೀಕರಣದ ಉತ್ತರವೂ ಜೊತೆಗೆ ಸೇರಿಕೊಂಡಿತು. ವರ್ಗಮೂಲ ಋಣಾತ್ಮಕವಾಗದು, ಆದ್ದರಿಂದ ಎಕ್ಸ್ 5ಕ್ಕಿಂತ ಕಡಿಮೆ ಇರಲಾಗದು ಎಂದು ಶುರುವಿನಲ್ಲೇ ಬದಿಯಲ್ಲಿ ಬರೆದಿಟ್ಟರೆ 2 ಅಲ್ಲೇ ಉದುರಿಹೋಗುತ್ತದೆ.

ಅಸಮತೆಗಳಲ್ಲಿ ಊಹೆ ಇರುವುದು ಛೇದದಲ್ಲಿ. (ಎಕ್ಸ್ + 3) ÷ (ಎಕ್ಸ್ − 1) > 2 ಎಂದಿರುವಾಗ ಎಕ್ಸ್ − 1ರಿಂದ ಅಡ್ಡ ಗುಣಿಸಿದರೆ ಎಕ್ಸ್ < 5 ಎಂದು ಬರುತ್ತದೆ. ಎಕ್ಸ್ = 0 ಹಾಕಿ ನೋಡಿ: −3 > 2 ಆಗಬೇಕು, ಆಗುವುದಿಲ್ಲ. ಎಕ್ಸ್ − 1 ಋಣಾತ್ಮಕವಾದಾಗ ಅಸಮತೆಯ ಚಿಹ್ನೆ ತಿರುಗಬೇಕಿತ್ತು. ಎಲ್ಲವನ್ನೂ ಒಂದೇ ಬದಿಗೆ ತಂದು (5 − ಎಕ್ಸ್) ÷ (ಎಕ್ಸ್ − 1) > 0 ಎಂದು ಮಾಡಿಕೊಂಡರೆ ಗೊಂದಲವಿಲ್ಲ, ಉತ್ತರ 1 ಮತ್ತು 5ರ ನಡುವಿನ ಸಂಖ್ಯೆಗಳು ಮಾತ್ರ.

ಅನುಕಲನದಲ್ಲೂ (ಇಂಟಿಗ್ರೇಷನ್) ಇಂಥದ್ದೊಂದಿದೆ: 1/ಎಕ್ಸ್² ಅನ್ನು −1ರಿಂದ 1ರವರೆಗೆ ಅನುಕಲಿಸಿ, −1/ಎಕ್ಸ್ ಎಂದು ಬರೆದು ಮಿತಿಗಳನ್ನು ಹಾಕಿದರೆ −2 ಸಿಗುತ್ತದೆ. ಎಲ್ಲೆಡೆ ಅಕ್ಷಕ್ಕಿಂತ ಮೇಲೇ ಇರುವ ವಕ್ರರೇಖೆಯ ಕೆಳಗಿನ ವಿಸ್ತೀರ್ಣ ಋಣಾತ್ಮಕ! ನಡುವೆ ಸೊನ್ನೆಯಲ್ಲಿ 1/ಎಕ್ಸ್²ಕ್ಕೆ ಬೆಲೆಯೇ ಇಲ್ಲ. ಅಲ್ಲಿ ಒಡೆದು ಮಾಡಿದರೆ ಎರಡೂ ತುಂಡು ಅನಂತಕ್ಕೆ ಹೋಗುತ್ತವೆ, ಈ ಅನುಕಲನಕ್ಕೆ ಸಾಂತ ಬೆಲೆ ಇಲ್ಲ.

ಸಮಾಂತರ ರೋಧಕಗಳ ಬಗ್ಗೆ ಒಂದು ಸಣ್ಣ ಮಾತು. 6 ಮತ್ತು 3 ಓಮ್ ಸಮಾಂತರದಲ್ಲಿದ್ದರೆ 1/6 + 1/3 = 1/2, ಉತ್ತರ 2 ಓಮ್. ಕೊನೆಯಲ್ಲಿ ತಿರುಗಿಸಲು ಮರೆತು 0.5 ಓಮ್ ಎಂದು ಬರೆಯುವುದು ಬಹಳ ಸಾಮಾನ್ಯ. ಅತಿ ಚಿಕ್ಕ ರೋಧಕ್ಕಿಂತ ಕಡಿಮೆ ಇರಬೇಕು ಎಂಬ ನಿಯಮ ಈ ತಪ್ಪನ್ನು ಹಿಡಿಯುವುದಿಲ್ಲ, 0.5 ಕೂಡ 3ಕ್ಕಿಂತ ಕಡಿಮೆಯೇ. ಕೆಳಮಿತಿಯನ್ನೂ ಇಟ್ಟುಕೊಳ್ಳಿ: ಎರಡು ರೋಧಕಗಳಿದ್ದರೆ ಉತ್ತರ ಚಿಕ್ಕದರ ಅರ್ಧಕ್ಕಿಂತ, ಮೂರಿದ್ದರೆ ಮೂರನೇ ಒಂದಕ್ಕಿಂತ ಕಡಿಮೆಯಾಗದು. ಇಲ್ಲಿ 1.5 ಮತ್ತು 3ರ ನಡುವೆ ಇರಬೇಕು, 0.5 ಸಿಕ್ಕಿಬಿದ್ದಿತು. ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿದ್ದರೆ (ಕೋನ ಅಳೆಯುವ ಇನ್ನೊಂದು ಏಕಮಾನ) ಸೈನ್ 30 ಎಂದು ಒತ್ತಿದಾಗ −0.988 ತೋರಿಸುತ್ತದೆ. ತ್ರಿಕೋನಮಿತಿ ಬರುವ ಯಾವ ಲೆಕ್ಕಕ್ಕೂ ಮುಂಚೆ ಅದೊಂದನ್ನು ಒತ್ತಿ 0.5 ಬರುತ್ತದೆಯೇ ಎಂದು ನೋಡಿಕೊಳ್ಳಿ.

ವಿಚಿತ್ರವಾಗಿ ಕಾಣುವ ಉತ್ತರವೆಲ್ಲ ಕಸವಲ್ಲ ಎಂಬುದನ್ನೂ ಹೇಳಲೇಬೇಕು. 25 ಮೀಟರ್ ಎತ್ತರದ ಕಟ್ಟಡದ ಅಂಚಿನಿಂದ ಒಂದು ಕಲ್ಲನ್ನು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದರೆ ನೆಲ ತಲುಪಲು ಎಷ್ಟು ಹೊತ್ತು? ಮೇಲ್ಮುಖ ದಿಕ್ಕನ್ನು ಧನಾತ್ಮಕ, ಕಾಲವನ್ನು ಟಿ, ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟುಕೊಂಡರೆ −25 = 20ಟಿ − 5ಟಿ². ಎಡಬದಿಯ ಮೈನಸ್ ಮರೆತರೆ ಟಿ² − 4ಟಿ + 5 = 0 ಆಗುತ್ತದೆ, ಅದಕ್ಕೆ ವಾಸ್ತವ ಮೂಲಗಳೇ ಇಲ್ಲ. ಅದಕ್ಕೂ ಅರ್ಥವಿದೆ: ಈ ವೇಗದಲ್ಲಿ ಕಲ್ಲು ಅಂಚಿನಿಂದ 20 ಮೀಟರ್ ಮಾತ್ರ ಏರಬಲ್ಲದು, 25 ಮೀಟರ್ ಮೇಲೆ ಅದು ಎಂದೂ ಹೋಗುವುದಿಲ್ಲ. ಸರಿಯಾಗಿ ಬರೆದರೆ ಟಿ² − 4ಟಿ − 5 = 0, ಮೂಲಗಳು 5 ಮತ್ತು −1.

ಕಾಲ ಋಣಾತ್ಮಕವಾಗದು ಎಂದು −1 ಅನ್ನು ಹೊಡೆದುಹಾಕಿ ಎಲ್ಲರೂ ಮುಂದೆ ಹೋಗುತ್ತಾರೆ. ಪ್ರಶ್ನೆಗೆ ಉತ್ತರ 5 ಸೆಕೆಂಡೇ, ಅದರಲ್ಲಿ ಅನುಮಾನವಿಲ್ಲ. ಆದರೆ ಕಲ್ಲು ಎಲ್ಲಿಂದ ಹೊರಟಿತು ಎಂಬುದು ಸಮೀಕರಣಕ್ಕೆ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಇಡೀ ಪಥ ಮಾತ್ರ. ಇದೇ ಪಥದಲ್ಲಿ ನೆಲದಿಂದಲೇ ಎಸೆದಿದ್ದರೆ ಒಂದು ಸೆಕೆಂಡ್ ಮುಂಚೆ, ಸೆಕೆಂಡಿಗೆ 20 + 10 = 30 ಮೀಟರ್ ವೇಗದಲ್ಲಿ ಎಸೆಯಬೇಕಿತ್ತು. ಐದನೇ ಸೆಕೆಂಡಿನಲ್ಲಿ ನೆಲಕ್ಕೆ ಬಡಿಯುವಾಗಿನ ವೇಗ 20 − 50 = −30. ಹೊರಟ ವೇಗವೂ ಬಡಿದ ವೇಗವೂ ಒಂದೇ ಪ್ರಮಾಣ, ದಿಕ್ಕು ಮಾತ್ರ ಎದುರು. −1 ಮತ್ತು 5ರ ಸರಿ ಮಧ್ಯೆ, 2ನೇ ಸೆಕೆಂಡಿನಲ್ಲಿ, ಕಲ್ಲು ಶಿಖರದಲ್ಲಿರುತ್ತದೆ. ಅಲ್ಲಿ ವೇಗ 20 − 20 = 0 ಎಂದು ತಾಳೆ ನೋಡಬಹುದು. ಈ ತಾಳೆ ಬಾರದಿದ್ದರೆ ಎರಡು ಮೂಲಗಳಲ್ಲಿ ಒಂದಾದರೂ ತಪ್ಪು, ಅಂದರೆ ಹೊಡೆದುಹಾಕಿದ ಮೂಲ ಕೂಡ ಉಳಿಸಿಕೊಂಡ ಮೂಲವನ್ನು ಪರೀಕ್ಷಿಸಲು ನೆರವಾಗುತ್ತದೆ.