ಕಿಲೋಮೀಟರಿಗೆ ಒಂದೇ ರೂಪಾಯಿ: ಒಂದು ವರ್ಷದ ಲೆಕ್ಕ

ವಿಜಯಪುರದಿಂದ ಬಸವನ ಬಾಗೇವಾಡಿಗೆ ದಿನವೂ ಹೋಗಿಬರುವ ನೌಕರಿ ನನ್ನದು. ತಿಂಗಳಿಗೆ ಸುಮಾರು 2,000 ಕಿಲೋಮೀಟರ್ ಓಡಾಟವಾಗುತ್ತದೆ. ಹಳೆಯ ಪೆಟ್ರೋಲ್ ಕಾರನ್ನು ಮಾರಿ ಎಲೆಕ್ಟ್ರಿಕ್ ಕಾರು ತಂದು ವರ್ಷ ತುಂಬಿದ್ದರಿಂದ, ಡೈರಿಯಲ್ಲಿ ಬರೆದಿಟ್ಟ ಖರ್ಚುಗಳನ್ನು ಒಮ್ಮೆ ಕೂಡಿಸಿ ನೋಡಿದೆ. ಕಾರು ಕೊಳ್ಳುವಾಗ ಶೋರೂಮಿನಲ್ಲಿ ಮತ್ತೆ ಮತ್ತೆ ಕೇಳಿದ್ದು ‘ಕಿಲೋಮೀಟರಿಗೆ ಒಂದೇ ರೂಪಾಯಿ’ ಎಂಬ ಮಾತು. ಅದು ಸುಳ್ಳೇನಲ್ಲ, ಆದರೆ ಆ ಒಂದು ರೂಪಾಯಿಯ ಹಿಂದೆ ಮನೆಯ ಮೀಟರಿನಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಅಲ್ಲಿ ಯಾರೂ ಹೇಳಿರಲಿಲ್ಲ.

ಮೊದಲು ಪೆಟ್ರೋಲಿನ ಲೆಕ್ಕ. ಹಳೆಯ ಕಾರು ಲೀಟರಿಗೆ 17 ಕಿಲೋಮೀಟರ್ ಕೊಡುತ್ತಿತ್ತು. ಲೀಟರಿಗೆ ಸುಮಾರು 103 ರೂಪಾಯಿಯಂತೆ ತಿಂಗಳಿಗೆ 12,000 ರೂಪಾಯಿ, ಅಂದರೆ ಕಿಲೋಮೀಟರಿಗೆ ಆರು ರೂಪಾಯಿ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದಾಗ ಲೀಟರಿಗೆ ಮೂರು ರೂಪಾಯಿ ಹೆಚ್ಚಾದದ್ದೂ ಇದರಲ್ಲಿ ಸೇರಿದೆ. ಈಗ ಪೆಟ್ರೋಲಿನಲ್ಲಿ ಕಬ್ಬು ಮೊದಲಾದವುಗಳಿಂದ ತಯಾರಿಸುವ ಎಥೆನಾಲನ್ನು ಶೇ 20ರಷ್ಟು ಬೆರೆಸುತ್ತಾರೆ. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಕಡಿಮೆ ಇರುವುದರಿಂದ ಮೈಲೇಜು ತುಸು ಇಳಿಯುವುದು ಸಹಜ. ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವ ಮನೆತನದವನಾದ ನನಗೆ ಈ ವಿಷಯದಲ್ಲಿ ದೂರಲು ಬಾಯಿ ಬರುವುದಿಲ್ಲ.

ಎಲೆಕ್ಟ್ರಿಕ್ ಕಾರಿನ ಪರದೆ ಯೂನಿಟ್ಟಿಗೆ ಏಳೂವರೆ ಕಿಲೋಮೀಟರ್ ಎಂದು ತೋರಿಸುತ್ತದೆ. ಅದನ್ನು ನಂಬಿ ಲೆಕ್ಕ ಹಾಕಬಾರದು. ಗೋಡೆಯಿಂದ ಬಂದ ಕರೆಂಟು ಬ್ಯಾಟರಿಗೆ ಸೇರುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಬಿಸಿಯಾಗಿ ಹೋಗುತ್ತದೆ, ಬಿಲ್ಲು ಮಾತ್ರ ಗೋಡೆಯ ಲೆಕ್ಕದಲ್ಲೇ ಬರುತ್ತದೆ. ನನ್ನ ಮೀಟರಿನ ಪ್ರಕಾರ ತಿಂಗಳಿಗೆ 300 ಯೂನಿಟ್. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿ ಯೂನಿಟ್ಟಿಗೆ ಸುಮಾರು 6 ರೂಪಾಯಿ 70 ಪೈಸೆ ಹಿಡಿದರೆ 2,000 ರೂಪಾಯಿ. ಶೋರೂಮಿನವರ ಮಾತು ಇಲ್ಲಿಗೆ ಸರಿಹೋಯಿತು.

ಸಿಕ್ಕು ಇರುವುದು ಮನೆಗಳಿಗೆ ಪುಕ್ಕಟೆ ಕರೆಂಟು ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ. ನಮ್ಮ ಮನೆಗೆ ತಿಂಗಳಿಗೆ 130 ಯೂನಿಟ್ ಸಾಕಾಗುತ್ತಿತ್ತು, ಬಿಲ್ಲು ಸೊನ್ನೆ ಬರುತ್ತಿತ್ತು. ಬಳಕೆ 200 ಯೂನಿಟ್ ದಾಟಿದರೆ ಹೆಚ್ಚಾದಷ್ಟಕ್ಕೆ ಮಾತ್ರವಲ್ಲ, ಇಡೀ ಬಿಲ್ಲನ್ನೇ ತುಂಬಬೇಕು. ಕಾರು ಬಂದ ಮೊದಲ ತಿಂಗಳೇ ಮೀಟರು 430 ತೋರಿಸಿತು. ಪುಕ್ಕಟೆಯಾಗಿದ್ದ 130 ಯೂನಿಟ್ಟಿನ ಹಣ ಮತ್ತು ಚಾರ್ಜಿಂಗಿಗಾಗಿ ಏರಿಸಿಕೊಂಡ ಲೋಡಿನ (ಮನೆಗೆ ಮಂಜೂರಾದ ವಿದ್ಯುತ್ ಸಾಮರ್ಥ್ಯದ) ನಿಗದಿತ ಶುಲ್ಕ ಸೇರಿ ಸುಮಾರು 1,600 ರೂಪಾಯಿ ಹೊಸದಾಗಿ ಮೈಮೇಲೆ ಬಂತು. ಇದು ಕಾರಿನ ಖರ್ಚೇ ಹೊರತು ಮನೆಯದಲ್ಲ. ಹಾಗೆ ನೋಡಿದರೆ ಕಿಲೋಮೀಟರಿಗೆ ಬಿದ್ದದ್ದು 1 ರೂಪಾಯಿ 80 ಪೈಸೆ. "ಅಣ್ಣಾ, ಪೆಟ್ರೋಲ್ ಉಳಿಸಿದ್ದು ಹೇಳ್ತಿ, ಕರೆಂಟ್ ಬಿಲ್ ತುಂಬಿದ್ದು ಯಾಕ ಹೇಳವಲ್ಲಿ?" ಎಂದು ತಮ್ಮ ಕೆಣಕಿದ್ದು ಆಗಲೇ. ಚಾರ್ಜಿಂಗಿಗೆ ಬೇರೆ ಮೀಟರು ಕೇಳಿ ಈಗ ನಮ್ಮ ಭಾಗದ ವಿದ್ಯುತ್ ಕಂಪನಿ ಹೆಸ್ಕಾಂಗೆ ಅರ್ಜಿ ಕೊಟ್ಟಿದ್ದೇನೆ.

ಇನ್ನೊಂದು ಖರ್ಚು ಅರ್ಥಿಂಗಿನದು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯದು. ಅದು ಸರಿಯಿಲ್ಲದಿದ್ದರೆ ಚಾರ್ಜರ್ ಕೆಲಸ ಮಾಡುವುದಿಲ್ಲ. ಹಳೆಯ ಮನೆಯ ಸಾಕೆಟ್ಟಿಗೆ ಚಾರ್ಜರ್ ಚುಚ್ಚಿದೊಡನೆ ಕೆಂಪು ದೀಪ ಹತ್ತಿ ಚಾರ್ಜಿಂಗ್ ನಿಂತುಬಿಡುತ್ತಿತ್ತು. ವೈರ್‌ಮನ್ ಬಂದು ಹಿತ್ತಲಿನಲ್ಲಿ ಆಳುದ್ದ ತಗ್ಗು ತೋಡಿಸಿ, ಪೈಪು ನಿಲ್ಲಿಸಿ, ಸುತ್ತಲೂ ಇದ್ದಿಲು, ಉಪ್ಪುಗಳನ್ನು ಪದರ ಪದರವಾಗಿ ತುಂಬಿ, ಮೇಲೆ ನಾಲ್ಕು ಕೊಡ ನೀರು ಸುರಿದ ಮೇಲೆಯೇ ಹಸಿರು ದೀಪ ಬಂದದ್ದು. ನಮ್ಮದು ಎರೆ ಮಣ್ಣು. ಮಳೆಗಾಲದಲ್ಲಿ ಚಿಂತೆಯಿಲ್ಲ, ಏಪ್ರಿಲ್ ಬಂತೆಂದರೆ ಬಿರುಕು ಬಿಟ್ಟು ಮತ್ತೆ ಕೆಂಪು ದೀಪ. ಹಾಗಾಗಿ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ತಗ್ಗಿಗೆ ನೀರು ಹಾಕುವುದು ತುಳಸಿಗೆ ನೀರು ಹಾಕಿದಷ್ಟೇ ನೇಮದ ಕೆಲಸವಾಗಿದೆ.

ದೂರದ ಪ್ರಯಾಣದಲ್ಲಿ ಲೆಕ್ಕವೇ ಬದಲಾಗುತ್ತದೆ. ಹುಬ್ಬಳ್ಳಿಗೆ ಹೋಗಿಬರುವಾಗ ಹೆದ್ದಾರಿಯ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ಸುಮಾರು 22 ರೂಪಾಯಿ ಕೊಟ್ಟಿದ್ದೇನೆ. ವೇಗ ಹೆಚ್ಚಾದಂತೆ ಗಾಳಿಯ ತಡೆ ಹೆಚ್ಚುತ್ತದೆ. ಊರೊಳಗೆ ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿಗೆ ಮರಳುವ ಶಕ್ತಿ ಹೆದ್ದಾರಿಯಲ್ಲಿ ಮರಳುವುದಿಲ್ಲ. ಯೂನಿಟ್ಟಿಗೆ ಆರು ಕಿಲೋಮೀಟರ್ ಸಿಕ್ಕರೆ ಕಿಲೋಮೀಟರಿಗೆ ಮೂರೂಮುಕ್ಕಾಲು ರೂಪಾಯಿಯ ಹತ್ತಿರ ಬರುತ್ತದೆ. ಪೆಟ್ರೋಲ್ ಎಂಜಿನ್ನಿನದು ಇದಕ್ಕೆ ತಿರುವುಮುರುವು: ಸಿಗ್ನಲ್ಲಿನಲ್ಲಿ ನಿಂತು ಎಣ್ಣೆ ಸುಡುವ ಅದೇ ಎಂಜಿನ್ ಹೆದ್ದಾರಿಯಲ್ಲಿ ಹದವಾಗಿ ಓಡಿ ಲೀಟರಿಗೆ 20 ಕೊಡುತ್ತದೆ, ಖರ್ಚು ಐದು ರೂಪಾಯಿಗೆ ಇಳಿಯುತ್ತದೆ.

ಸರ್ವಿಸಿಂಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಂಜಿನ್ ಆಯಿಲ್, ಪ್ಲಗ್, ಕ್ಲಚ್ ಇಲ್ಲದ್ದರಿಂದ ಖರ್ಚು ಅರ್ಧಕ್ಕೆ ಇಳಿದಿದೆ. ಬ್ಯಾಟರಿಯ ಭಾರಕ್ಕೆ ಟೈರು ಮಾತ್ರ ಬೇಗ ಸವೆಯುತ್ತಿದೆ. ಥರ್ಡ್ ಪಾರ್ಟಿ ವಿಮೆಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಶೇ 15ರ ರಿಯಾಯಿತಿ ಇದೆಯಾದರೂ, ಕಾರಿನ ಬೆಲೆಯೇ ಹೆಚ್ಚಿರುವುದರಿಂದ ಒಟ್ಟು ವಿಮಾ ಕಂತು ನನಗೇನೂ ಕಡಿಮೆಯಾಗಿಲ್ಲ.

ಇದೇ ಅಳತೆಯ ಪೆಟ್ರೋಲ್ ಕಾರಿಗಿಂತ ನಾನು ನಾಲ್ಕು ಲಕ್ಷ ರೂಪಾಯಿ ಹೆಚ್ಚು ಕೊಟ್ಟಿದ್ದೆ. ಎಲ್ಲ ಕಳೆದು ತಿಂಗಳಿಗೆ ಎಂಟು ಸಾವಿರದ ಮೇಲೆ ಉಳಿಯುತ್ತಿರುವುದರಿಂದ ನಾಲ್ಕು ವರ್ಷದಲ್ಲಿ ಆ ಹಣ ಮರಳುತ್ತದೆ. ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಇದೆ. ತಮ್ಮನ ಪರಿಸ್ಥಿತಿ ಬೇರೆ. ಅವನ ಅಂಗಡಿ ಮನೆಯ ಹತ್ತಿರವೇ ಇದ್ದು, ತಿಂಗಳಿಗೆ 500 ಕಿಲೋಮೀಟರ್ ಓಡಿಸಿದರೆ ಹೆಚ್ಚು. ಅವನು ಎಲೆಕ್ಟ್ರಿಕ್ ಕಾರು ಕೊಂಡರೂ ಅವನ ಮನೆಯ ಬಳಕೆ 200 ಯೂನಿಟ್ ದಾಟುವುದಿಲ್ಲ, ಗೃಹಜ್ಯೋತಿಯೂ ಉಳಿಯುತ್ತದೆ. ಆದರೂ ತಿಂಗಳಿಗೆ ಮಿಗುವುದು ಎರಡೂವರೆ ಸಾವಿರ. ನಾಲ್ಕು ಲಕ್ಷ ಮರಳಲು ಹದಿಮೂರು ವರ್ಷ ಬೇಕು. ದೀಪಾವಳಿಗೆ ಅವನು ಮತ್ತೆ ಪೆಟ್ರೋಲ್ ಕಾರನ್ನೇ ಬುಕ್ ಮಾಡಿದಾಗ, ಜೊತೆಗೆ ಹೋಗಿದ್ದ ನಾನು ಬೇಡವೆನ್ನಲಿಲ್ಲ.