ಸೋಪಿನ ಡಬ್ಬಿ

ಇವತ್ತು ಆಫೀಸಿನಲ್ಲಿ ನನ್ನ ಪ್ರೊಫೈಲ್ ಫೋಟೊ ಶೂಟ್. ಕೈ ಕಟ್ಟಿ, ಗಲ್ಲ ಸ್ವಲ್ಪ ಮೇಲೆ. "ಫೌಂಡರ್ ಅಂದ್ರೆ ಕಂಪನಿಯ ಮುಖ ಸಾರ್" ಅಂದ ಕ್ಯಾಮೆರಾ ಹುಡುಗ.

ಮನೆಗೆ ಬಂದು ಮುಖ ತೊಳೆಯೋಕೆ ಹೊಸ ಮೈಸೂರ್ ಸ್ಯಾಂಡಲ್ ಒಡೆದೆ. ಡಬ್ಬಿ ಮೇಲೆ ಅದೇ ಶರಭ. ಆನೆಯ ತಲೆ, ಸಿಂಹದ ಮೈ. ಎಷ್ಟೋ ವರ್ಷದಿಂದ ಕಂಡಿದ್ದೇ, ಇವತ್ತು ನಿಂತು ನೋಡಿದೆ.

ಅದನ್ನ ಆರಿಸಿದವರು ಎಸ್. ಜಿ. ಶಾಸ್ತ್ರಿ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಲಂಡನ್ನಿಗೆ ಹೋಗಿ ಸೋಪು ಮಾಡೋದು ಕಲಿತು ಬಂದವರು. ಡಬ್ಬಿಯಲ್ಲಿ ಎಲ್ಲೂ ಅವರ ಮುಖ ಇಲ್ಲ. ಆದರೂ ಜನ ಕರೆದಿದ್ದು 'ಸೋಪು ಶಾಸ್ತ್ರಿ' ಅಂತ!

ಅಂಥ ಹೆಸರಿನ ಮೇಲೆ ನನಗೆ ಆಸೆ ಆಯ್ತು, ನಿಜವಾಗ್ಲೂ.

ಖಾಲಿ ಡಬ್ಬಿ ಎಸೆಯೋಕೆ ಮನಸ್ಸಾಗಲಿಲ್ಲ. ಬೀರುವಿನ ಬಟ್ಟೆ ಮಧ್ಯೆ ಇಟ್ಟೆ, ಅಮ್ಮ ಇಡ್ತಿದ್ದ ಹಾಗೆ.